ಕಾರ್ಮಿಕರ ಸುರಕ್ಷತೆ: ಕಡ್ಡಾಯ ಎಷ್ಟು, ಐಚ್ಛಿಕ ಎಷ್ಟು?

ಸಿಂಧನೂರು: ಅಕ್ಕಿ ಗಿರಣಿಯೊಂದರ ಕಚೇರಿಯ ಗೋಡೆಯನ್ನು ಕಲ್ಪಿಸಿಕೊಳ್ಳಿ. ದೇವರ ಪಟದ ಪಕ್ಕದಲ್ಲಿ ಚೌಕಟ್ಟು ಹಾಕಿದ ಐಎಸ್ಒ ಪ್ರಮಾಣಪತ್ರ, ಅದರ ಕೆಳಗೆ ಆಹಾರ ಸುರಕ್ಷತಾ ಪರವಾನಗಿ, ಬಾಗಿಲ ಬಳಿ ಮಾಸಿದ ಬಾಯ್ಲರ್ ಪ್ರಮಾಣಪತ್ರ. ಹೊರಗೆ ಗೇಟಿನ ಮೇಲೆ ‘ಸುರಕ್ಷತೆಯೇ ಮೊದಲು’ ಎಂಬ ಫಲಕ. ಒಳಗೆ ಎಲಿವೇಟರಿನ ಬೆಲ್ಟಿಗೆ ಕೈ ಸಿಕ್ಕಿ ಹಮಾಲಿಯೊಬ್ಬನ ಮುಂಗೈ ಹೋಯಿತು ಎಂದಿಟ್ಟುಕೊಳ್ಳಿ. ಆ ಗೋಡೆಯ ಮೇಲಿನ ಯಾವ ಕಾಗದ ಆತನ ನೆರವಿಗೆ ಬಂದೀತು?

ಉತ್ತರ ಅಷ್ಟು ಸುಲಭವಲ್ಲ. ಆ ಕಾಗದಗಳೆಲ್ಲ ನೋಡಲು ಒಂದೇ ತೆರನಾಗಿದ್ದರೂ ಅವುಗಳ ಹಿಂದಿನ ಬಲ ಬೇರೆ ಬೇರೆ. ಕೆಲವು ಶಾಸನದಿಂದ ಬಂದಂಥವು. ಪಾಲಿಸದಿದ್ದರೆ ದಂಡ, ಕೆಲವೊಮ್ಮೆ ಸೆರೆವಾಸ. ಇನ್ನು ಕೆಲವು ಉದ್ಯಮ ತಾನಾಗಿಯೇ ಒಪ್ಪಿಕೊಂಡ ಮಾನದಂಡಗಳು; ಪಾಲಿಸದಿದ್ದರೆ ಹೆಚ್ಚೆಂದರೆ ಪ್ರಮಾಣಪತ್ರ ರದ್ದಾದೀತು. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಆಹಾರ ಸುರಕ್ಷತಾ ಪರವಾನಗಿ ಕಾನೂನಿನ ಪ್ರಕಾರ ಕಡ್ಡಾಯವೇನೋ ಹೌದು. ಆದರೆ 2006ರ ಆ ಕಾಯ್ದೆ ರಕ್ಷಿಸುವುದು ಅನ್ನ ಉಣ್ಣುವವನನ್ನು, ಅಕ್ಕಿ ಮಾಡುವವನನ್ನಲ್ಲ.

ಸಿಂಧನೂರು, ಮಸ್ಕಿ, ಲಿಂಗಸುಗೂರು. ರಾಷ್ಟ್ರೀಯ ಹೆದ್ದಾರಿ 150ಎ ಉದ್ದಕ್ಕೂ ಒಂದರ ಹಿಂದೊಂದು ಬರುವ ಈ ಮೂರು ತಾಲ್ಲೂಕು ಕೇಂದ್ರಗಳ ಪರಿಸರದಲ್ಲಿ ದುಡಿಮೆಯ ಸ್ವರೂಪ ಒಂದೇ ಅಲ್ಲ. ತುಂಗಭದ್ರಾ ಎಡದಂಡೆ ನಾಲೆಯ ನೀರುಂಡ ಸಿಂಧನೂರಿನಲ್ಲಿ ಭತ್ತ ಮತ್ತು ಅಕ್ಕಿ ಗಿರಣಿಗಳು. ಮಸ್ಕಿ ಭಾಗದ ಒಣಭೂಮಿಯಲ್ಲಿ ಹತ್ತಿ, ತೊಗರಿ. ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ, ಮುದಗಲ್ ಕಡೆಯ ಗ್ರಾನೈಟ್ ಕ್ವಾರಿಗಳು. ಒಂದೇ ಜಿಲ್ಲೆಯ ಈ ದುಡಿಮೆಗಳಿಗೆ ಅನ್ವಯಿಸುವ ಕಾನೂನು, ಅದನ್ನು ಜಾರಿಗೊಳಿಸುವ ಕಚೇರಿ, ಉದ್ಯಮಗಳು ತಾವೇ ಒಪ್ಪಿಕೊಳ್ಳುವ ಮಾನದಂಡ ಎಲ್ಲವೂ ಬೇರೆ.

ಬದಲಾದ ಕಾನೂನು

ಮೊದಲು ಕಾನೂನಿನ ಮಾತು. ಏಳು ದಶಕಗಳಿಗೂ ಹೆಚ್ಚು ಕಾಲ ಈ ಕ್ಷೇತ್ರವನ್ನು ಆಳಿದ್ದು ಎರಡು ಕಾಯ್ದೆಗಳು. ಗಿರಣಿ, ಜಿನ್ನಿಂಗ್ ಕಾರ್ಖಾನೆಗಳಿಗೆ 1948ರ ಕಾರ್ಖಾನೆ ಕಾಯ್ದೆ. ಗಣಿ, ಕ್ವಾರಿಗಳಿಗೆ 1952ರ ಗಣಿ ಕಾಯ್ದೆ. 2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಅವುಗಳ ಪೈಕಿ ‘ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ–2020’ ಈ ಎರಡೂ ಕಾಯ್ದೆಗಳನ್ನು ಸೇರಿಸಿ ಒಟ್ಟು 13 ಕಾಯ್ದೆಗಳ ಸ್ಥಾನದಲ್ಲಿ ನಿಂತಿದೆ. ಹಳೆಯ ಕಾಯ್ದೆಗಳ ಅಡಿಯಲ್ಲಿ ರಚಿತವಾದ ನಿಯಮಗಳು ಸಂಹಿತೆಗೆ ವಿರುದ್ಧವಾಗದಷ್ಟು ಮಟ್ಟಿಗೆ ಮುಂದುವರಿಯುತ್ತವೆ. ಆದ್ದರಿಂದ 1969ರ ಕರ್ನಾಟಕ ಕಾರ್ಖಾನೆ ನಿಯಮಗಳಾಗಲಿ, 1961ರ ಲೋಹ ಗಣಿ ನಿಬಂಧನೆಗಳಾಗಲಿ ಒಂದೇ ರಾತ್ರಿಯಲ್ಲಿ ಅಪ್ರಸ್ತುತವಾಗಲಿಲ್ಲ. ಹಾಗೆಯೇ ಆ ದಿನಾಂಕಕ್ಕೆ ಮುನ್ನ ನಡೆದ ಅಪರಾಧಗಳಿಗೆ ಹಳೆಯ ಕಾಯ್ದೆಯ ಶಿಕ್ಷೆಯೇ ಅನ್ವಯ.

ಹೊಸ ಸಂಹಿತೆ ಮಾಲೀಕನ ಮೇಲೆ ಹೊರಿಸುವ ಕರ್ತವ್ಯ ವಿಶಾಲವಾದುದು. ಗಾಯ ಅಥವಾ ರೋಗಕ್ಕೆ ಕಾರಣವಾಗಬಲ್ಲ ಅಪಾಯಗಳಿಂದ ಕೆಲಸದ ಸ್ಥಳವನ್ನು ಮುಕ್ತವಾಗಿಡುವುದು, ನಿಗದಿತ ವಯಸ್ಸಿನ ಅಥವಾ ವರ್ಗದ ನೌಕರರಿಗೆ ಉಚಿತ ವಾರ್ಷಿಕ ಆರೋಗ್ಯ ತಪಾಸಣೆ, ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ. ಸುರಕ್ಷತೆಗಾಗಿ ಒದಗಿಸಿದ ಯಾವುದೇ ವಸ್ತುವಿಗೂ ನೌಕರನಿಂದ ಹಣ ವಸೂಲಿ ಮಾಡುವಂತಿಲ್ಲ. ಅಂದರೆ ಹೆಲ್ಮೆಟ್ ಕೊಟ್ಟು ಕೂಲಿಯಲ್ಲಿ ಹಿಡಿದುಕೊಳ್ಳುವುದು ಕಾನೂನುಬಾಹಿರ.

ಸುರಕ್ಷತಾ ಕರ್ತವ್ಯ ಪಾಲಿಸದೆ ಸಾವು ಸಂಭವಿಸಿದರೆ ಎರಡು ವರ್ಷದವರೆಗೆ ಸೆರೆವಾಸ ಇಲ್ಲವೇ ಕನಿಷ್ಠ 5 ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ತೀವ್ರ ಗಾಯವಾದರೆ ಒಂದು ವರ್ಷದವರೆಗೆ ಸೆರೆವಾಸ ಇಲ್ಲವೇ 2ರಿಂದ 4 ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ದಂಡದ ಕನಿಷ್ಠ ಅರ್ಧ ಭಾಗವನ್ನು ಗಾಯಾಳುವಿಗೆ ಅಥವಾ ಮೃತನ ವಾರಸುದಾರರಿಗೆ ಕೊಡುವಂತೆ ನ್ಯಾಯಾಲಯ ಆದೇಶಿಸಬಹುದು. ಹಳೆಯ ಕಾರ್ಖಾನೆ ಕಾಯ್ದೆಯಲ್ಲಿ ಸಾವಿನ ಪ್ರಕರಣಕ್ಕೆ ಕನಿಷ್ಠ ದಂಡ ಕೇವಲ 25 ಸಾವಿರ ರೂಪಾಯಿ ಇತ್ತೆಂಬುದನ್ನು ನೆನೆದರೆ ವ್ಯತ್ಯಾಸ ತಿಳಿಯುತ್ತದೆ.

ಆದರೆ ಒಂದು ಕೈಯಿಂದ ಕೊಟ್ಟ ಸಂಹಿತೆ ಇನ್ನೊಂದು ಕೈಯಿಂದ ಕಿತ್ತುಕೊಂಡಿದೆ ಎಂಬ ಟೀಕೆಯೂ ಇದೆ. ಹಳೆಯ ಕಾಯ್ದೆಯಲ್ಲಿ ವಿದ್ಯುತ್ ಬಳಸುವ ಘಟಕದಲ್ಲಿ 10 ಕಾರ್ಮಿಕರಿದ್ದರೆ ಅದು ‘ಕಾರ್ಖಾನೆ’. ಈಗ 20 ಬೇಕು. ವಿದ್ಯುತ್ ಇಲ್ಲದ ಘಟಕಕ್ಕೆ 20 ಇದ್ದದ್ದು 40 ಆಗಿದೆ. ಗುತ್ತಿಗೆ ಕಾರ್ಮಿಕರ ಕುರಿತ ಉಪಬಂಧಗಳಿಗೆ 20 ಇದ್ದ ಮಿತಿ 50ಕ್ಕೆ ಏರಿದೆ.

ತಲೆ ಎಣಿಕೆಯ ಪ್ರಶ್ನೆ

ಸಿಂಧನೂರಿನಂಥ ಊರಿಗೆ ಈ ಅಂಕಿ ಬರೀ ಅಂಕಿಯಲ್ಲ. ಮಧ್ಯಮ ಗಾತ್ರದ ಅಕ್ಕಿ ಗಿರಣಿಯಲ್ಲಿ ಯಂತ್ರ ನೋಡಿಕೊಳ್ಳುವ ಆಪರೇಟರ್, ಫಿಟ್ಟರ್, ಬಾಯ್ಲರ್ ನಡೆಸುವವನು, ಗುಮಾಸ್ತ, ಕಾವಲುಗಾರ ಹೀಗೆ ಮಸ್ಟರ್ ಪುಸ್ತಕದಲ್ಲಿ ಹೆಸರಿರುವವರು ಕೆಲವರೇ. ಲಾರಿಯಿಂದ ಭತ್ತದ ಚೀಲ ಇಳಿಸುವ, ಅಕ್ಕಿ ಚೀಲ ಅಟ್ಟಿ ಒಟ್ಟುವ, ಹೊಟ್ಟು ತುಂಬುವ ಹಮಾಲರು ಚೀಲದ ಲೆಕ್ಕದಲ್ಲಿ ಕೂಲಿ ಪಡೆಯುವವರು. ಅವರ ಹಾಜರಿ ಮೇಸ್ತ್ರಿಯ ಬಳಿ. ಗುತ್ತಿಗೆದಾರನ ಮೂಲಕ ಬಂದವರನ್ನೂ 1948ರ ಕಾಯ್ದೆ ‘ಕಾರ್ಮಿಕ’ನೆಂದೇ ಪರಿಗಣಿಸಿತ್ತು. ಹಮಾಲರನ್ನು ಸೇರಿಸಿ ಎಣಿಸಿದರೆ ಗಿರಣಿ 20ರ ಗಡಿ ದಾಟುತ್ತದೆ, ಬಿಟ್ಟು ಎಣಿಸಿದರೆ ಕೆಳಗುಳಿಯುತ್ತದೆ. ಗಡಿ ದಾಟಿದರೆ ಕಾರ್ಖಾನೆಗೆಂದೇ ಇರುವ ಪರವಾನಗಿ, ನಕ್ಷೆ ಅನುಮೋದನೆ, ಕಟ್ಟಡ ಸ್ಥಿರತೆಯ ಪ್ರಮಾಣಪತ್ರ, ಯಂತ್ರಗಳಿಗೆ ಕಾವಲು ಇತ್ಯಾದಿ ವಿವರವಾದ ನಿಯಮಗಳು ಬಂದು ಕೂಡುತ್ತವೆ.

ಹಾಗೆಂದು 10ರಿಂದ 19 ಜನರಿರುವ ಗಿರಣಿ ಕಾನೂನಿನಿಂದ ಪೂರ್ತಿ ಹೊರಗೆ ಹೋಗದು. 10 ಜನರಿರುವ ಸಂಸ್ಥೆ ಸಂಹಿತೆಯಡಿ ನೋಂದಣಿ ಮಾಡಿಸಲೇಬೇಕು. ಮಾಲೀಕನ ಸಾಮಾನ್ಯ ಕರ್ತವ್ಯಗಳೂ, ಅಪಘಾತವಾದರೆ ವರದಿ ಮಾಡುವ ಹೊಣೆಯೂ ಅದಕ್ಕುಂಟು. ಇಲ್ಲವಾಗುವುದು ಕಾರ್ಖಾನೆಗೆಂದು ಬರೆದ ನಿರ್ದಿಷ್ಟ ವಿಧಿಗಳ ಕಾವಲು. 10ಕ್ಕಿಂತ ಕಡಿಮೆ ಜನರಿರುವ ಸಣ್ಣ ಗಿರಣಿಗೆ, ಅದನ್ನು ಅಪಾಯಕಾರಿ ಎಂದು ಸರ್ಕಾರ ಅಧಿಸೂಚಿಸದ ಹೊರತು, ಸಂಹಿತೆಯ ಬಹುಭಾಗ ಅನ್ವಯಿಸದು. ಅಂಥಲ್ಲಿ ಬೆಲ್ಟಿಗೆ ಜಾಲರಿ ಹಾಕಬೇಕೋ ಬೇಡವೋ ಎಂಬುದು ಹೆಚ್ಚುಕಡಿಮೆ ಮಾಲೀಕನ ವಿವೇಚನೆಗೆ ಬಿಟ್ಟ ಮಾತಾಗುತ್ತದೆ. ಐಚ್ಛಿಕ ಮಾನದಂಡದ ಪ್ರಶ್ನೆ ಹುಟ್ಟುವುದೇ ಇಲ್ಲಿ. ವಿಪರ್ಯಾಸವೆಂದರೆ ಇಷ್ಟು ಸಣ್ಣ ಘಟಕಗಳು ಹಣ ಕೊಟ್ಟು ಪ್ರಮಾಣಪತ್ರ ಪಡೆಯುವುದೂ ಅಪರೂಪ.

ಜನಸಂಖ್ಯೆಯನ್ನು ಕೇಳದ ಕಾನೂನು ಒಂದಿದೆ, ಅದು ಬಾಯ್ಲರಿನದು. ಕುಸುಬಲಕ್ಕಿ ಮಾಡುವ ಗಿರಣಿಗಳಲ್ಲಿ ಭತ್ತ ಬೇಯಿಸಲು ಹಬೆ ಬೇಕು. ಅದಕ್ಕೆ ಭತ್ತದ ಹೊಟ್ಟನ್ನೇ ಉರಿಸಿ ಬಾಯ್ಲರ್ ನಡೆಸುತ್ತಾರೆ. 1923ರ ಬಾಯ್ಲರ್ ಕಾಯ್ದೆಯ ಸ್ಥಾನಕ್ಕೆ 2025ರಲ್ಲಿ ಹೊಸ ಕಾಯ್ದೆ ಬಂದಿದ್ದರೂ ಮೂಲ ಚೌಕಟ್ಟು ಹಾಗೆಯೇ ಇದೆ. ತೀರಾ ಸಣ್ಣವನ್ನು ಬಿಟ್ಟು ಉಳಿದ ಬಾಯ್ಲರ್‌ಗಳು ನೋಂದಣಿಯಾಗಬೇಕು, ನಿಯತವಾಗಿ ಪರೀಕ್ಷೆಗೊಳಗಾಗಿ ಪ್ರಮಾಣಪತ್ರ ನವೀಕರಿಸಿಕೊಳ್ಳಬೇಕು, ಅರ್ಹತಾ ಪತ್ರವಿರುವವನೇ ಅವನ್ನು ನಡೆಸಬೇಕು. ಗಿರಣಿಯಲ್ಲಿ ಐದೇ ಜನರಿರಲಿ, ಐವತ್ತು ಜನರಿರಲಿ, ಇದರಲ್ಲಿ ವಿನಾಯಿತಿ ಇಲ್ಲ. ತಗಡಿನ ದಪ್ಪ ಎಷ್ಟು, ಬೆಸುಗೆ ಹೇಗೆ, ಸುರಕ್ಷತಾ ಕವಾಟ ಎಂಥದು ಎಂಬ ತಾಂತ್ರಿಕ ವಿವರಗಳು 1950ರ ಭಾರತೀಯ ಬಾಯ್ಲರ್ ನಿಬಂಧನೆಗಳಲ್ಲಿವೆ. ತಾಂತ್ರಿಕ ಮಾನದಂಡವೇ ಶಾಸನವಾದುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಮಾನದಂಡ ಎಂದರೇನು?

ಸ್ವಯಂಪ್ರೇರಿತ ಮಾನದಂಡಗಳ ಲೋಕ ಬೇರೆಯೇ. ಸ್ವಿಟ್ಜರ್‌ಲೆಂಡಿನ ಜಿನೀವಾದಲ್ಲಿರುವ ಅಂತರರಾಷ್ಟ್ರೀಯ ಮಾನಕ ಸಂಸ್ಥೆ 2018ರ ಮಾರ್ಚ್‌ನಲ್ಲಿ ‘ಐಎಸ್ಒ 45001’ ಎಂಬ ಔದ್ಯೋಗಿಕ ಸುರಕ್ಷತಾ ಮಾನದಂಡವನ್ನು ಪ್ರಕಟಿಸಿತು. ಅದಕ್ಕೂ ಮೊದಲು ಬಳಕೆಯಲ್ಲಿದ್ದದ್ದು 1999ರ ‘ಒಎಚ್‌ಎಸ್‌ಎಎಸ್ 18001’. ಭಾರತೀಯ ಮಾನಕ ಬ್ಯೂರೊ ಐಎಸ್ಒ 45001ನ್ನು ಭಾರತೀಯ ಮಾನಕವಾಗಿಯೂ ಸ್ವೀಕರಿಸಿದೆ. ಬೆಲ್ಟಿಗೆ ಎಷ್ಟು ಅಂಗುಲದ ಜಾಲರಿ ಹಾಕಬೇಕೆಂದು ಇದು ಹೇಳುವುದಿಲ್ಲ. ಅಪಾಯಗಳನ್ನು ಗುರುತಿಸಿದ್ದೀರಾ, ಕಾರ್ಮಿಕರ ಅಭಿಪ್ರಾಯ ಕೇಳಿದ್ದೀರಾ, ಅನ್ವಯಿಸುವ ಕಾನೂನುಗಳನ್ನು ಪಟ್ಟಿ ಮಾಡಿ ಪಾಲನೆಯನ್ನು ಪರಿಶೀಲಿಸುತ್ತಿದ್ದೀರಾ, ತಪ್ಪಾದಾಗ ತಿದ್ದಿಕೊಳ್ಳುವ ವ್ಯವಸ್ಥೆ ಇದೆಯೇ ಎಂದು ಕೇಳುತ್ತದೆ. ಅಂದರೆ ಇದು ಆಡಳಿತ ಪದ್ಧತಿಯ ಮಾನದಂಡ.

ಐಎಸ್ಒ ಸಂಸ್ಥೆ ತಾನೇ ಪ್ರಮಾಣಪತ್ರ ಕೊಡುವುದಿಲ್ಲ ಎಂಬುದು ಹಲವರಿಗೆ ತಿಳಿಯದು. ಕೊಡುವುದು ಖಾಸಗಿ ಪ್ರಮಾಣೀಕರಣ ಸಂಸ್ಥೆಗಳು, ಸಾಮಾನ್ಯವಾಗಿ ಮೂರು ವರ್ಷದ ಅವಧಿಗೆ; ನಡುವೆ ವರ್ಷಕ್ಕೊಮ್ಮೆ ತಪಾಸಣೆ. ಅವುಗಳಿಗೆ ಶುಲ್ಕ ಕೊಡುವುದು ತಪಾಸಣೆಗೊಳಗಾಗುವ ಕಂಪನಿಯೇ. ಪರೀಕ್ಷೆ ಬರೆಯುವವನೇ ಪರೀಕ್ಷಕನಿಗೆ ಸಂಭಾವನೆ ಕೊಟ್ಟಂತೆ ಎಂದು ಯಾರಾದರೂ ಗೊಣಗಿದರೆ ಅದನ್ನು ತಳ್ಳಿಹಾಕಲಾಗದು.

ಪಾಕಿಸ್ತಾನದ ಕರಾಚಿಯ ಬಾಲ್ಡಿಯಾ ಪ್ರದೇಶದ ಉಡುಪು ಕಾರ್ಖಾನೆಯೊಂದಕ್ಕೆ 2012ರ ಆಗಸ್ಟ್‌ನಲ್ಲಿ ‘ಎಸ್‌ಎ 8000’ ಎಂಬ ಕಾರ್ಮಿಕ ಹಿತದ ಐಚ್ಛಿಕ ಮಾನದಂಡದ ಪ್ರಮಾಣಪತ್ರ ಸಿಕ್ಕಿತ್ತು. ಕೆಲವೇ ವಾರಗಳಲ್ಲಿ, ಸೆಪ್ಟೆಂಬರ್ 11ರಂದು, ಅಲ್ಲಿ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಬೆಂಕಿಯನ್ನು ಬೇಕೆಂದೇ ಹಚ್ಚಲಾಗಿತ್ತೆಂದು ಅಲ್ಲಿನ ನ್ಯಾಯಾಲಯ 2020ರಲ್ಲಿ ತೀರ್ಪಿತ್ತಿತು. ಆದರೆ ಬೀಗ ಹಾಕಿದ ಬಾಗಿಲು, ಸರಳು ಹಾಕಿದ ಕಿಟಕಿಗಳ ಹಿಂದೆ ಸಿಕ್ಕಿಬಿದ್ದವರನ್ನು ಆ ಪ್ರಮಾಣಪತ್ರ ಉಳಿಸಲಿಲ್ಲ.

ಇದರಿಂದ ಐಚ್ಛಿಕ ಮಾನದಂಡಗಳೆಲ್ಲ ಟೊಳ್ಳು ಎಂಬ ತೀರ್ಮಾನಕ್ಕೆ ಬರುವುದೂ ಸರಿಯಲ್ಲ. ಕಾನೂನು ತಿದ್ದುಪಡಿಯಾಗಲು ದಶಕಗಳೇ ಹಿಡಿಯುತ್ತವೆ. ಮಾನದಂಡಗಳನ್ನು ತಜ್ಞರ ಸಮಿತಿಗಳು ಅದಕ್ಕಿಂತ ಬೇಗ ಪರಿಷ್ಕರಿಸುತ್ತವೆ. ಕಾನೂನು ‘ಕಟ್ಟಡ ಸುಭದ್ರವಾಗಿರಬೇಕು’ ಎಂದಷ್ಟೇ ಹೇಳಿ ನಿಲ್ಲುವಲ್ಲಿ ಮಾನದಂಡ ಲೆಕ್ಕ ಹಾಕಿ ತೋರಿಸುತ್ತದೆ.

ವಿಜಯಪುರದ ದುರಂತವನ್ನು ಇಲ್ಲಿ ನೆನೆಯಬಹುದು. 2023ರ ಡಿಸೆಂಬರ್ 4ರ ಸಂಜೆ ಅಲ್ಲಿನ ಅಲಿಯಾಬಾದ್ ಕೈಗಾರಿಕಾ ಪ್ರದೇಶದ ಆಹಾರ ಸಂಸ್ಕರಣಾ ಘಟಕದಲ್ಲಿ ಮೆಕ್ಕೆಜೋಳದ ದಾಸ್ತಾನು ಕುಸಿದು ಬಿಹಾರ ಮೂಲದ ಏಳು ಕಾರ್ಮಿಕರು ಅದರಡಿ ಸಿಲುಕಿ ಮೃತಪಟ್ಟರು. ಕಾಳು ನೀರಿನಂತೆ ಹರಿಯುತ್ತದೆ, ಕಲ್ಲಿನಂತೆ ಭಾರ ಹಾಕುತ್ತದೆ. ಅದನ್ನು ತುಂಬಿಡುವ ಕಾಂಕ್ರೀಟ್ ಕಣಜಗಳ ವಿನ್ಯಾಸಕ್ಕೆ ಐಎಸ್ 4995, ಉಕ್ಕಿನ ಕಣಜಗಳಿಗೆ ಐಎಸ್ 9178 ಎಂಬ ಭಾರತೀಯ ಮಾನಕಗಳಿವೆ. ಗೋಡೆಯ ಮೇಲೆ ಎಷ್ಟು ಒತ್ತಡ ಬೀಳುತ್ತದೆ, ಕೆಳಗಿನಿಂದ ಕಾಳು ಬಿಡುವಾಗ ಅದು ಹೇಗೆ ಬದಲಾಗುತ್ತದೆ ಎಂಬ ಲೆಕ್ಕ ಅವುಗಳಲ್ಲಿದೆ. ಆದರೆ ಅವು ತಮ್ಮಷ್ಟಕ್ಕೆ ಶಾಸನವಲ್ಲ. ಭತ್ತ ಕೂಡಿಡುವ ಸಿಂಧನೂರಿನ ಗಿರಣಿಗಳಿಗೆ ಈ ಎರಡು ಮಾನಕಗಳು ಐಎಸ್ಒ ಪ್ರಮಾಣಪತ್ರಕ್ಕಿಂತ ಹೆಚ್ಚು ಉಪಯುಕ್ತವೆಂದರೆ ಅತಿಶಯೋಕ್ತಿಯಲ್ಲ. ಅವನ್ನು ಬ್ಯೂರೊದ ಜಾಲತಾಣದಿಂದ ಉಚಿತವಾಗಿಯೇ ಪಡೆಯಬಹುದು.

ಹಟ್ಟಿಯ ದಾರಿ ಬೇರೆ

ಲಿಂಗಸುಗೂರು ತಾಲ್ಲೂಕಿನ ಹಟ್ಟಿಗೆ ಬಂದರೆ ಚಿತ್ರ ಸಂಪೂರ್ಣ ಬದಲಾಗುತ್ತದೆ. ನಿಜಾಮರ ಕಾಲದ ಕೊನೆಯಲ್ಲಿ, 1947ರಲ್ಲಿ, ಹೈದರಾಬಾದ್ ಚಿನ್ನದ ಗಣಿ ಕಂಪನಿಯಾಗಿ ಆರಂಭವಾದ ಸಂಸ್ಥೆ ರಾಜ್ಯಗಳ ಪುನರ್ವಿಂಗಡಣೆಯ ಬಳಿಕ ಹಟ್ಟಿ ಚಿನ್ನದ ಗಣಿ ಕಂಪನಿಯಾಯಿತು. 2001ರ ಫೆಬ್ರುವರಿಯಲ್ಲಿ ಕೋಲಾರ ಚಿನ್ನದ ಗಣಿ ಮುಚ್ಚಿದ ಮೇಲೆ ದೇಶದ ಚಿನ್ನದ ಗಣಿಗಾರಿಕೆಯ ಮುಖ್ಯ ಹೆಸರು ಇದೇ. ಒಂದು ಕುತೂಹಲದ ಸಂಗತಿ: ದೇವಾನಾಂಪ್ರಿಯನ ಜತೆಗೆ ಅಶೋಕನ ಹೆಸರನ್ನೂ ಹೇಳುವ ಮಸ್ಕಿಯ ಶಾಸನವನ್ನು 1915ರಲ್ಲಿ ಪತ್ತೆ ಹಚ್ಚಿದವರು ಸಿ. ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್. ಈ ನೆಲದಲ್ಲಿ ಚಿನ್ನ ಹುಡುಕುವವರು ಬಂಡೆಗಳ ನಡುವೆ ಅಲೆಯುವುದು ಹೊಸತಲ್ಲ.

ಕಂಪನಿ ರಾಜ್ಯ ಸರ್ಕಾರದ್ದು. ಆದರೆ ಸುರಕ್ಷತೆಯ ವಿಷಯದಲ್ಲಿ ರಾಜ್ಯದ ಕಾರ್ಖಾನೆ ಇಲಾಖೆಗೆ ಗಣಿಯೊಳಗೆ ಅಧಿಕಾರವಿಲ್ಲ. ಗಣಿಗಳಲ್ಲಿನ ಕಾರ್ಮಿಕ ವಿಷಯ ಮತ್ತು ಸುರಕ್ಷತೆಯನ್ನು ಸಂವಿಧಾನದ ಏಳನೆಯ ಅನುಸೂಚಿ ಕೇಂದ್ರ ಪಟ್ಟಿಗೆ ಸೇರಿಸಿದೆ. ಆದ್ದರಿಂದ ಇಲ್ಲಿ ತಪಾಸಣೆ ನಡೆಸುವುದು ಜಾರ್ಖಂಡ್‌ನ ಧನಬಾದ್‌ನಲ್ಲಿ ಕೇಂದ್ರ ಕಚೇರಿ ಇರುವ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ, ಬಳಕೆಯ ಮಾತಿನಲ್ಲಿ ಡಿಜಿಎಂಎಸ್.

ಎರಡು ಸಾವಿರ ಅಡಿಗೂ ಆಳದಲ್ಲಿ ದುಡಿಯುವವನ ವಿಷಯದಲ್ಲಿ ಕಾನೂನು ಹೆಚ್ಚೇನನ್ನೂ ಮಾಲೀಕನ ವಿವೇಚನೆಗೆ ಬಿಟ್ಟಿಲ್ಲ. ಗಣಿ ವ್ಯವಸ್ಥಾಪಕನಿಗೆ ಅರ್ಹತಾ ಪ್ರಮಾಣಪತ್ರ ಬೇಕು; ಸ್ಫೋಟಕ ಸಿಡಿಸುವ ಬ್ಲಾಸ್ಟರನಿಗೂ, ಪಾಳಿಯ ಉಸ್ತುವಾರಿಯ ಮೇಟ್‌ಗೂ ಬೇಕು. ಹೊಸ ಕಾರ್ಮಿಕನಿಗೆ 1966ರ ನಿಯಮಗಳ ಪ್ರಕಾರ ವೃತ್ತಿ ತರಬೇತಿ ಆಗಲೇಬೇಕು. ತಲೆಗೆ ಹೆಲ್ಮೆಟ್, ಕಾಲಿಗೆ ಬೂಟು ಇರಲೇಬೇಕು, ಅವೂ ಅನುಮೋದಿತ ಮಾದರಿಯವೇ ಆಗಿರಬೇಕು. ಬಂಡೆಗೆ ರಂಧ್ರ ಕೊರೆಯುವಾಗ ನೀರು ಹಾಯಿಸುತ್ತ ಕೊರೆಯಬೇಕು. ಕೊನೆಯದು ಸಣ್ಣ ಮಾತೆನಿಸಬಹುದು. ಒಣ ಕೊರೆತದಿಂದೇಳುವ ಸಿಲಿಕಾ ದೂಳು ಶ್ವಾಸಕೋಶದಲ್ಲಿ ಕುಳಿತು ತರುವ ಸಿಲಿಕೋಸಿಸ್‌ಗೆ ಮದ್ದಿಲ್ಲ. ಭಾರತದಲ್ಲಿ ಈ ರೋಗ ಮೊದಲು ವರದಿಯಾದದ್ದೇ ಕೋಲಾರದ ಚಿನ್ನದ ಗಣಿಗಳಿಂದ, 1934ರಲ್ಲಿ. ಇಂದು ಅದು ವೈದ್ಯರು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಪಟ್ಟಿಯಲ್ಲಿದೆ.

ಡಿಜಿಎಂಎಸ್ ಅಧಿಕಾರಿಗೆ ಇನ್ನೊಂದು ಅಸ್ತ್ರವುಂಟು. ಅಪಾಯವಿದೆ ಎನಿಸಿದರೆ ಗಣಿಯ ಆ ಭಾಗದಲ್ಲಿ ಕೆಲಸವನ್ನೇ ನಿಷೇಧಿಸಿ ಆದೇಶ ಹೊರಡಿಸಬಹುದು. ಜಗತ್ತಿನ ಯಾವ ಐಚ್ಛಿಕ ಮಾನದಂಡಕ್ಕೂ ಈ ಶಕ್ತಿಯಿಲ್ಲ.

ಹಾಗಿದ್ದರೂ ಚಿನ್ನದ ಉದ್ಯಮದಲ್ಲಿ ಕಾನೂನಿನ ಆಚೆಗೆ ಬೆಳೆದ ಮಾನದಂಡಗಳಿವೆ. ಅದಿರಿನಿಂದ ಚಿನ್ನ ಬೇರ್ಪಡಿಸಲು ಸೈನೈಡ್ ಬೇಕು. 2000ದ ಜನವರಿ 30ರಂದು ರುಮೇನಿಯಾದ ಬಾಯಾ ಮಾರೆಯಲ್ಲಿ ಚಿನ್ನದ ಗಣಿ ತ್ಯಾಜ್ಯದ ಕಟ್ಟೆ ಒಡೆದು ಸುಮಾರು ಒಂದು ಲಕ್ಷ ಘನ ಮೀಟರ್ ಸೈನೈಡ್ ಮಿಶ್ರಿತ ನೀರು ಹೊಳೆಗೆ ಹರಿಯಿತು. ಟಿಸಾ ನದಿಯ ಮೂಲಕ ಡ್ಯಾನ್ಯೂಬ್ ತಲುಪಿತು. ಅದರ ಬೆನ್ನಿಗೆ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಮತ್ತು ಉದ್ಯಮ ಕೂಡಿ 2002ರಲ್ಲಿ ಅಂತರರಾಷ್ಟ್ರೀಯ ಸೈನೈಡ್ ನಿರ್ವಹಣಾ ಸಂಹಿತೆಯನ್ನು ರೂಪಿಸಿದವು. ಹೆಸರು ಸಂಹಿತೆಯಾದರೂ ಇದು ಕಾನೂನಲ್ಲ. ಇಷ್ಟಪಟ್ಟ ಕಂಪನಿ ಸಹಿ ಹಾಕಬಹುದು. ಭಾರತದಲ್ಲಿ ಸೈನೈಡ್ ದಾಸ್ತಾನಿಗೆ ಅನ್ವಯಿಸುವ ಶಾಸನವೆಂದರೆ ಭೋಪಾಲ ದುರಂತದ ಬಳಿಕ ಬಂದ 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳು.

ಬ್ರೆಜಿಲ್‌ನ ಬ್ರುಮಾಡಿನ್ಯೊದಲ್ಲಿ 2019ರ ಜನವರಿ 25ರಂದು ಕಬ್ಬಿಣ ಗಣಿಯ ತ್ಯಾಜ್ಯದ ಕಟ್ಟೆ ಒಡೆದು 270 ಜನ ಸತ್ತಾಗ ಎರಡೂ ದಾರಿಗಳು ತೆರೆದುಕೊಂಡವು. ಕಟ್ಟೆ ಸ್ಥಿರವಾಗಿದೆಯೆಂದು ಹೊರಗಿನ ತಪಾಸಣಾ ಸಂಸ್ಥೆಯೊಂದು ಕೆಲವು ತಿಂಗಳ ಹಿಂದಷ್ಟೇ ಪ್ರಮಾಣೀಕರಿಸಿತ್ತು. ದುರಂತದ ನಂತರ ಬ್ರೆಜಿಲ್ ಆ ಮಾದರಿಯ ಕಟ್ಟೆಗಳನ್ನೇ ನಿಷೇಧಿಸಿತು. 2020ರ ಆಗಸ್ಟ್‌ನಲ್ಲಿ ಉದ್ಯಮದ ಕಡೆಯಿಂದ ಜಾಗತಿಕ ಐಚ್ಛಿಕ ಮಾನದಂಡವೂ ಬಂದಿತು. ಹಟ್ಟಿಯಲ್ಲೂ ಚಿನ್ನ ತೆಗೆದು ಉಳಿದ ಪುಡಿಮಣ್ಣಿನ ದಿಬ್ಬಗಳಿವೆ. ಹಾಗಾಗಿ ದೂರದ ಬ್ರೆಜಿಲ್‌ನ ಕಥೆ ಲಿಂಗಸುಗೂರಿಗೆ ಅಷ್ಟೇನೂ ದೂರದ್ದಲ್ಲ.

ಕ್ವಾರಿಗಳ ವಿಷಯ ಹಲವರಿಗೆ ಅಚ್ಚರಿ ತರುತ್ತದೆ. ಕಲ್ಲು ಕ್ವಾರಿಯೂ ಕಾನೂನಿನ ಕಣ್ಣಿನಲ್ಲಿ ‘ಗಣಿ’ಯೇ. ಗುತ್ತಿಗೆ ಕೊಡುವುದು ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆ. ಸುರಕ್ಷತೆ ನೋಡುವುದು ಕೇಂದ್ರದ ಡಿಜಿಎಂಎಸ್. ಆಳ 6 ಮೀಟರ್ ಮೀರದ, 50ಕ್ಕಿಂತ ಹೆಚ್ಚು ಜನರಿಲ್ಲದ, ಸ್ಫೋಟಕ ಬಳಸದ ತೆರೆದ ಕಟ್ಟಡ ಕಲ್ಲಿನ ಕ್ವಾರಿಗಳಿಗೆ 1952ರ ಕಾಯ್ದೆ ಬಹುತೇಕ ವಿನಾಯಿತಿ ಕೊಟ್ಟಿತ್ತು. ಮೂರರಲ್ಲಿ ಒಂದು ಷರತ್ತು ಮುರಿದರೂ ವಿನಾಯಿತಿ ಹೋಗುತ್ತಿತ್ತು. ಒಂದು ಮದ್ದಿನ ರಂಧ್ರ ಸಿಡಿಸಿದರೂ ಸಾಕಿತ್ತು.

ಐಚ್ಛಿಕ ಕಡ್ಡಾಯವಾಗುವ ಬಗೆ

ಇಷ್ಟೆಲ್ಲ ಹೇಳಿದರೂ ಕಾನೂನು ಮತ್ತು ಮಾನದಂಡದ ನಡುವಿನ ಗೆರೆ ಗಟ್ಟಿಯಾದುದಲ್ಲ. ಭಾರತೀಯ ಮಾನಕ ಬ್ಯೂರೊದ ಮಾನಕಗಳು ಮೂಲತಃ ಐಚ್ಛಿಕ. ಆದರೆ 2016ರ ಬಿಐಎಸ್ ಕಾಯ್ದೆಯಡಿ ಕೇಂದ್ರ ಸರ್ಕಾರ ಗುಣಮಟ್ಟ ನಿಯಂತ್ರಣ ಆದೇಶ ಹೊರಡಿಸಿದೊಡನೆ ಆ ವಸ್ತುವಿಗೆ ಐಎಸ್ಐ ಗುರುತು ಕಡ್ಡಾಯವಾಗುತ್ತದೆ. ಸುರಕ್ಷತಾ ಪಾದರಕ್ಷೆಗಳ ಬಗ್ಗೆ ಅಂಥ ಆದೇಶ 2020ರಲ್ಲಿ ಹೊರಟಿತು.

ಕಾಯ್ದೆ ಅಥವಾ ನಿಬಂಧನೆಯೇ ಮಾನಕದ ಸಂಖ್ಯೆಯನ್ನು ಹೆಸರಿಸುವುದು ಇನ್ನೊಂದು ದಾರಿ. ಗಿರಣಿಯ ವಿದ್ಯುತ್ ಪ್ಯಾನಲ್ ಮುಂದೆ ಹಾಸುವ ರಬ್ಬರ್ ಚಾಪೆಯನ್ನೇ ನೋಡಿ. ಅದು ಐಎಸ್ 15652ಕ್ಕೆ ಅನುಗುಣವಾಗಿರಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಬಂಧನೆಗಳು ಹೇಳುತ್ತವೆ. ಅಲ್ಲಿಗೆ ಆ ಮಾನಕ ಐಚ್ಛಿಕವಾಗಿ ಉಳಿಯಲಿಲ್ಲ. ಪೇಟೆಯಲ್ಲಿ ಸಿಗುವ ಅಗ್ಗದ ರಬ್ಬರ್ ಹಾಳೆ ಹಾಸಿದವನು ಕಾನೂನನ್ನೇ ಮುರಿದಂತೆ.

ಟೆಂಡರ್ ಷರತ್ತು, ಖರೀದಿ ಒಪ್ಪಂದಗಳ ಮೂಲಕವೂ ಮಾನದಂಡ ಒಳಬರುತ್ತದೆ. ಅಕ್ಕಿ ರಫ್ತು ಮಾಡುವವನಿಗೆ ವಿದೇಶಿ ಖರೀದಿದಾರ ಪ್ರಮಾಣಪತ್ರ ಕೇಳಿದರೆ ಅದು ಒಪ್ಪಂದದ ಬಲದಿಂದ ಕಡ್ಡಾಯ. ಆದರೆ ಆ ಬಲವನ್ನು ಚಲಾಯಿಸುವ ಹಕ್ಕು ಖರೀದಿದಾರನಿಗೆ, ಹಮಾಲಿಗಲ್ಲ. ಇವೆರಡರ ನಡುವಿನ ನಿಜವಾದ ಅಂತರ ಇದೇ: ಕಾನೂನು ಕಾರ್ಮಿಕನಿಗೆ ದೂರು ಕೊಡುವ ಹಕ್ಕು ಕೊಡುತ್ತದೆ, ಐಚ್ಛಿಕ ಮಾನದಂಡ ಸಾಮಾನ್ಯವಾಗಿ ಕೊಡುವುದಿಲ್ಲ.

ನ್ಯಾಯಾಲಯದಲ್ಲಿ ಮಾತ್ರ ಮಾನದಂಡ ಕಾರ್ಮಿಕನ ಪರ ನಿಲ್ಲುವ ಸಾಧ್ಯತೆಯುಂಟು. ಮಾಲೀಕ ನಿರ್ಲಕ್ಷ್ಯ ತೋರಿದನೇ ಎಂಬ ಪ್ರಶ್ನೆ ಬಂದಾಗ, ಆ ಉದ್ಯಮದಲ್ಲಿ ಒಪ್ಪಿತವಾದ ಮಾನಕವಿದ್ದೂ ಅದನ್ನು ಕಡೆಗಣಿಸಲಾಗಿತ್ತು ಎಂಬುದು ಸಾಕ್ಷ್ಯವಾಗಬಲ್ಲದು. ಕಾರ್ಮಿಕನ ಆರೋಗ್ಯದ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಕಲ್ನಾರು ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ.

ಗೊಂದಲಕ್ಕೆ ಇನ್ನೊಂದು ಕಾರಣ ಪದಬಳಕೆ. ಹೊಸ ಸಂಹಿತೆ ಕೂಡ ‘ಮಾನದಂಡ’ ಎಂಬ ಪದವನ್ನೇ ಬಳಸುತ್ತದೆ. ಸಂಹಿತೆಯಡಿ ಕೇಂದ್ರ ಸರ್ಕಾರ ಘೋಷಿಸುವ ಸುರಕ್ಷತಾ ಮಾನದಂಡಗಳು ಕಡ್ಡಾಯ. ಗೋಡೆಗೆ ತೂಗುಹಾಕುವ ಮಾನದಂಡಗಳು ಅಲ್ಲ. ನವೋದ್ಯಮಗಳಂಥ ಕೆಲವು ವರ್ಗದ ಸಂಸ್ಥೆಗಳಿಗೆ ಹೊರಗಿನ ತಜ್ಞರಿಂದ ತಪಾಸಣೆ ಮತ್ತು ಪ್ರಮಾಣೀಕರಣಕ್ಕೂ ಸಂಹಿತೆಯಲ್ಲಿ ಅವಕಾಶವಿದೆ. ಸರ್ಕಾರಿ ತಪಾಸಕನ ಹೆಸರೂ ‘ತಪಾಸಕ ಹಾಗೂ ಸುಗಮಕಾರ’ ಎಂದು ಬದಲಾಗಿದೆ. ಕಾನೂನು ಜಾರಿಯ ಭಾಷೆ ಮೆಲ್ಲಗೆ ಪ್ರಮಾಣೀಕರಣದ ಭಾಷೆಯತ್ತ ವಾಲುತ್ತಿರುವುದು ಇದರಲ್ಲಿ ಕಾಣುತ್ತದೆ.

ಹತ್ತಿಯ ವಿಷಯದಲ್ಲಿ ಬದಲಾವಣೆಯ ಇನ್ನೊಂದು ಮುಖವಿದೆ. ಹತ್ತಿ ಒತ್ತುವ ಕಾರ್ಖಾನೆಯಲ್ಲಿ ಕಾಟನ್ ಓಪನರ್ ಯಂತ್ರ ನಡೆಯುವ ಭಾಗದಲ್ಲಿ ಮಹಿಳೆಯರು, ಮಕ್ಕಳು ಕೆಲಸ ಮಾಡುವುದನ್ನು 1948ರ ಕಾಯ್ದೆ ನೇರವಾಗಿ ನಿಷೇಧಿಸಿತ್ತು. ಹೊಸ ಸಂಹಿತೆ ಮಹಿಳೆಯರಿಗೆ ಎಲ್ಲ ಬಗೆಯ ಕೆಲಸವನ್ನೂ, ಅವರ ಒಪ್ಪಿಗೆಯಿದ್ದರೆ ರಾತ್ರಿ ಪಾಳಿಯನ್ನೂ ತೆರೆದಿದೆ. ಅಪಾಯಕಾರಿ ಕೆಲಸದಲ್ಲಿ ಸಾಕಷ್ಟು ರಕ್ಷಣೆ ಒದಗಿಸುವಂತೆ ಸರ್ಕಾರ ಮಾಲೀಕನಿಗೆ ವಿಧಿಸಬಹುದು. ಮಸ್ಕಿ, ಲಿಂಗಸುಗೂರು ಭಾಗದ ಹತ್ತಿ ಸೇರುವ ಜಿನ್ನಿಂಗ್ ಕಾರ್ಖಾನೆಗಳಲ್ಲಿ ಹೆಣ್ಣಾಳುಗಳ ಪ್ರಮಾಣ ಎಷ್ಟೆಂದು ಕಂಡವರಿಗೆ ಈ ಬದಲಾವಣೆಯ ತೂಕ ಅರ್ಥವಾಗುತ್ತದೆ.

ಅಪಘಾತವಾದಾಗ

ಮತ್ತೆ ಮೊದಲಿನ ಹಮಾಲಿಯ ಕಡೆಗೆ. ಸಾವು ಸಂಭವಿಸಿದರೆ ಅಥವಾ ಗಾಯದಿಂದ 48 ಗಂಟೆ ಇಲ್ಲವೇ ಹೆಚ್ಚು ಕಾಲ ಕೆಲಸ ಮಾಡಲಾಗದಿದ್ದರೆ ಮಾಲೀಕ ಸಂಬಂಧಿಸಿದ ಅಧಿಕಾರಿಗೆ ತಿಳಿಸಲೇಬೇಕು. ಗಿರಣಿ ಕಾರ್ಖಾನೆಯ ವ್ಯಾಪ್ತಿಗೆ ಬರುವುದಾದರೆ ರಾಜ್ಯದ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಆರೋಗ್ಯ ಇಲಾಖೆಗೆ. ಗಣಿ, ಕ್ವಾರಿಯಾದರೆ ಡಿಜಿಎಂಎಸ್‌ಗೆ. ತಾವಿರುವ ಜಾಗದಲ್ಲಿ ಪ್ರಾಣಾಪಾಯವಿದೆಯೆಂದು ಕಾರ್ಮಿಕನಿಗೆ ಮೊದಲೇ ಅನಿಸಿದರೆ ಮಾಲೀಕನ ಗಮನಕ್ಕೆ ತಂದು, ಅದೇ ಹೊತ್ತಿಗೆ ತಪಾಸಕನಿಗೂ ತಿಳಿಸುವ ಹಕ್ಕನ್ನು ಸಂಹಿತೆ ಕೊಟ್ಟಿದೆ.

ಪರಿಹಾರದ ದಾರಿ ಮಾತ್ರ ಶಿಕ್ಷೆಯ ದಾರಿಗಿಂತ ಬೇರೆ. 1923ರ ಪರಿಹಾರ ಕಾಯ್ದೆ ಇದೀಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಕೆಲಸದ ವೇಳೆ, ಕೆಲಸದ ಕಾರಣದಿಂದ ಗಾಯವಾಯಿತು ಎಂದು ತೋರಿಸಿದರೆ ಸಾಕು; ಮಾಲೀಕನ ತಪ್ಪನ್ನು ಸಾಬೀತುಪಡಿಸಬೇಕಿಲ್ಲ. ಗಾಯಾಳು ಹೆಲ್ಮೆಟ್ ಹಾಕಿರಲಿಲ್ಲ ಎಂಬ ನೆಪ ಸಾವಿನ ಪ್ರಕರಣದಲ್ಲಿ ನಡೆಯದು. ನೌಕರರ ರಾಜ್ಯ ವಿಮೆಯ ವ್ಯಾಪ್ತಿಗೆ ಬಂದವರಿಗೆ ಹಣ ವಿಮಾ ನಿಗಮದಿಂದ ಬರುತ್ತದೆ.

ಆದರೆ ಇವೆಲ್ಲಕ್ಕೂ ಮೊದಲು ಎದುರಾಗುವ ಪ್ರಶ್ನೆ ಒಂದೇ: ಆತ ಅಂದು ಅಲ್ಲಿ ಕೆಲಸಕ್ಕಿದ್ದ ಎಂಬುದಕ್ಕೆ ದಾಖಲೆ ಏನು? ಸಂಹಿತೆ ಕಡ್ಡಾಯ ಮಾಡಿರುವ ನೇಮಕಾತಿ ಪತ್ರ ಕೈಯಲ್ಲಿದ್ದರೆ ಪ್ರಕರಣ ಅಲ್ಲಿಂದ ಮುಂದಕ್ಕೆ ಸಾಗುತ್ತದೆ. ಇಲ್ಲದಿದ್ದರೆ ಮೇಸ್ತ್ರಿಯ ಕಿಸೆಯಲ್ಲಿರುವ ಚೀಲದ ಲೆಕ್ಕದ ಪುಸ್ತಕವನ್ನು ಹುಡುಕಬೇಕಾಗುತ್ತದೆ.